ಡ್ರಮ್ಮಿನ ಮುಚ್ಚಳ ತೆಗೆಯುವವನಿಗೆ ಏನು ಗೊತ್ತಿರಬೇಕು?

2025ರ ಜನವರಿ 1ರ ರಾತ್ರಿ ಭೋಪಾಲದ ಹಳೆಯ ಯೂನಿಯನ್ ಕಾರ್ಬೈಡ್ ಆವರಣದಿಂದ 12 ಕಂಟೇನರ್ ಲಾರಿಗಳು ಬೆಂಗಾವಲಿನೊಂದಿಗೆ ಹೊರಟು ಧಾರ್ ಜಿಲ್ಲೆಯ ಪೀಥಂಪುರ ಸೇರಿದವು. ಒಳಗಿದ್ದದ್ದು 337 ಟನ್ ವಿಷತ್ಯಾಜ್ಯ: ಅರೆಬರೆ ತಯಾರಾದ ಕೀಟನಾಶಕ, ರಿಯಾಕ್ಟರಿನಲ್ಲಿ ಉಳಿದ ಗಸಿ, ಆವರಣದಲ್ಲಿ ಅಗೆದು ತೆಗೆದ ಮಣ್ಣು. ಅದನ್ನು ತುಂಬಿ ಲಾರಿಗೇರಿಸಲು ನೂರರಷ್ಟು ಜನ ಅರ್ಧರ್ಧ ಗಂಟೆಯ ಪಾಳಿಯಲ್ಲಿ ದುಡಿದರು, ಪ್ರತಿ ಪಾಳಿಯ ನಂತರ ಅವರಿಗೆ ವಿಶ್ರಾಂತಿ ಕೊಟ್ಟೆವು, ಆರೋಗ್ಯ ತಪಾಸಣೆಯನ್ನೂ ಮಾಡಿಸಿದೆವು ಎಂದು ಮಧ್ಯಪ್ರದೇಶದ ಅಧಿಕಾರಿಗಳು ಹೇಳಿದರು. ಪೀಥಂಪುರದಲ್ಲಿ ಬಂದ್ ಆಯಿತು, ಪ್ರತಿಭಟನೆಯಲ್ಲಿ ಇಬ್ಬರು ಮೈಗೆ ಬೆಂಕಿ ಹಚ್ಚಿಕೊಳ್ಳಲು ಹೋದರು, ವಿಷಯ ಸುಪ್ರೀಂ ಕೋರ್ಟಿನವರೆಗೂ ಏರಿತು. ಕೊನೆಗೆ ಹೈಕೋರ್ಟಿನ ಕಣ್ಗಾವಲಿನಲ್ಲಿ ಹತ್ತು ಹತ್ತು ಟನ್ನಿನಂತೆ ಮೂರು ಸಲ ಪ್ರಾಯೋಗಿಕವಾಗಿ ಸುಟ್ಟು ನೋಡಿದರು. ಮೊದಲು ಗಂಟೆಗೆ 135 ಕಿಲೊ, ಆಮೇಲೆ 180, ಕಡೆಗೆ 270. ಜೂನ್ ಮುಗಿಯುವ ಹೊತ್ತಿಗೆ ಉಳಿದದ್ದೂ ಬೂದಿಯಾಯಿತು. ಹಾಗೆ ಸುಟ್ಟದ್ದು ಸರಿಯೋ ತಪ್ಪೋ ಎಂಬ ವಾದ ಇನ್ನೂ ನಡೆದೇ ಇದೆ, ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ನನಗೆ ಮುಖ್ಯವೆನಿಸುವುದು ಬೇರೆಯೇ ಒಂದು ಸಂಗತಿ. ದೇಶದಲ್ಲಿ ವರ್ಷಕ್ಕೆ ಹುಟ್ಟುವ ಅಪಾಯಕಾರಿ ತ್ಯಾಜ್ಯ ಒಂದು ಕೋಟಿ ಟನ್ನಿನ ಆಸುಪಾಸಿನಲ್ಲಿದೆ. ಅದರೆದುರು 337 ಟನ್ ಲೆಕ್ಕಕ್ಕೇ ಬಾರದಷ್ಟು. ಉಳಿದ ಅಷ್ಟೂ ತ್ಯಾಜ್ಯವನ್ನು ತುಂಬುವವರು, ಇಳಿಸುವವರು, ಸುಡುವವರು ಯಾರು, ಅವರಿಗೆ ಏನು ಹೇಳಿಕೊಟ್ಟಿದ್ದಾರೆ, ಅದನ್ನು ಯಾರು ಹೋಗಿ ನೋಡಿದ್ದಾರೆ ಎಂದು ಯಾವ ಹೈಕೋರ್ಟೂ ಕೇಳಿಲ್ಲ, ನಾವೂ ಕೇಳಿಲ್ಲ.

ಸಾಮಾನ್ಯ ರಾಸಾಯನಿಕ ಕಾರ್ಖಾನೆಗಿಂತ ತ್ಯಾಜ್ಯ ವಿಲೇವಾರಿ ಘಟಕದ ಕೆಲಸ ಒಂದು ರೀತಿಯಲ್ಲಿ ಕಷ್ಟದ್ದು. ಕಾರ್ಖಾನೆಗೆ ತಾನು ಕೊಳ್ಳುವ ಸಾಮಗ್ರಿ ಯಾವುದು, ಅದರ ಶುದ್ಧತೆ ಎಷ್ಟು ಎಂದು ಗೊತ್ತಿರುತ್ತದೆ. ನಿತ್ಯ ಅದೇ ಪಾಕ, ಅದೇ ಕ್ರಮ. ತ್ಯಾಜ್ಯ ಘಟಕದ ಗೇಟಿಗೆ ಬಂದು ನಿಲ್ಲುವ ಲಾರಿಯಲ್ಲಿ ಹತ್ತು ಕಾರ್ಖಾನೆಗಳ ಹತ್ತು ಬಗೆಯ ಗಸಿ, ಕೆಸರು, ಕೊಳಕು ದ್ರಾವಕ ಇರುತ್ತದೆ. ಕಾಗದದಲ್ಲಿ ಬರೆದದ್ದೇ ಡ್ರಮ್ಮಿನೊಳಗೂ ಇದೆ ಎಂದು ನಂಬುವಂತಿಲ್ಲ. ಪೀಣ್ಯದಂಥ ಪ್ರದೇಶಗಳಲ್ಲಿ ಲೋಹಕ್ಕೆ ಲೇಪ ಕೊಡುವ ಸಣ್ಣ ಘಟಕಗಳಿವೆ. ಇಂಥ ಕೆಲಸದಲ್ಲಿ ಕೆಲವು ಬಗೆಯ ಲೇಪಕ್ಕೆ ಸಯನೈಡ್ ದ್ರಾವಣ ಬಳಸುತ್ತಾರೆ, ಲೇಪಕ್ಕೆ ಮೊದಲು ತುಕ್ಕು ತೆಗೆಯಲು ಆಮ್ಲ ಬೇಕೇ ಬೇಕು. ಇವೆರಡರ ಉಳಿಕೆ ಬೇರೆ ಬೇರೆ ಡ್ರಮ್ಮಿನಲ್ಲಿದ್ದರೆ ತೊಂದರೆಯಿಲ್ಲ. ಒಂದೇ ತೊಟ್ಟಿಗೆ ಸುರಿದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ, ಸುರಿದವನು ಹಿಂದೆ ಸರಿಯುವಷ್ಟೂ ಪುರುಸೊತ್ತು ಸಿಗದು. ಘಟಕದ ಪ್ರಯೋಗಾಲಯ ಪ್ರತಿ ಲೋಡಿನಿಂದ ಮಾದರಿ ತೆಗೆದು ಪರೀಕ್ಷಿಸಬೇಕೆಂಬ ಕ್ರಮ ಇರುವುದು ಇದಕ್ಕಾಗಿಯೇ. ಆದರೆ ಮಾದರಿ ಪ್ರಯೋಗಾಲಯಕ್ಕೆ ಹೋಗುವ ಮೊದಲು ಒಬ್ಬ ಮನುಷ್ಯ ಆ ಮುಚ್ಚಳ ತೆಗೆಯಬೇಕಲ್ಲ? ಮುಚ್ಚಳ ಉಬ್ಬಿದ್ದರೆ ಒಳಗೆ ಅನಿಲ ಹುಟ್ಟುತ್ತಿದೆ. ಬಿಸಿಲಿಲ್ಲದ ಕಡೆ ಇಟ್ಟ ಡ್ರಮ್ಮಿನ ಮೈ ಬೆಚ್ಚಗಿದ್ದರೆ ಒಳಗೆ ಏನೋ ನಡೆಯುತ್ತಿದೆ. ಬುಡದ ಅಂಚಿನಲ್ಲಿ ಜಿನುಗಿ ಒಣಗಿದ ಬಿಳಿ ಗೆರೆಯಿದ್ದರೆ ಡ್ರಮ್ಮು ತೂತಾಗಿದೆ. ಲೇಬಲ್ಲು ಅರ್ಧ ಹರಿದಿದ್ದರೆ ಅದನ್ನು ಇಳಿಸಿಕೊಳ್ಳಲೇಬಾರದು. ಇದರಲ್ಲಿ ಯಾವುದಕ್ಕೂ ರಸಾಯನಶಾಸ್ತ್ರದ ಪದವಿ ಬೇಡ, ಯಾರಾದರೂ ಒಮ್ಮೆ ಕೈ ಹಿಡಿದು ತೋರಿಸಿಕೊಟ್ಟಿರಬೇಕು.

ಕಾನೂನು ಇದರ ಬಗ್ಗೆ ಏನು ಹೇಳುತ್ತದೆ ನೋಡಿ. ಅಪಾಯಕಾರಿ ತ್ಯಾಜ್ಯ ನಿರ್ವಹಣೆಗೆ ನಮ್ಮಲ್ಲಿ 1989ರಲ್ಲೇ ನಿಯಮಗಳು ಬಂದವು, 2008ರಲ್ಲಿ ಹೊಸದಾಗಿ ಬರೆದರು, ಈಗ ಜಾರಿಯಲ್ಲಿರುವುದು 2016ರವು. ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು, ಸಾಗಿಸುವಾಗ ಬಣ್ಣಬಣ್ಣದ ಏಳು ಪ್ರತಿಗಳ ಮ್ಯಾನಿಫೆಸ್ಟ್ ಎಂಬ ಸಾಗಣೆ ಪತ್ರ ಇರಬೇಕು, ಯಾವ ಪ್ರತಿ ಯಾರ ಕೈ ಸೇರಬೇಕು ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿದೆ. ಕೆಲಸಗಾರರ ವಿಷಯಕ್ಕೆ ಬಂದಾಗ ಮಾತ್ರ, ಸ್ಥಳದಲ್ಲಿ ಕೆಲಸ ಮಾಡುವವರಿಗೆ ಸೂಕ್ತ ತರಬೇತಿ, ಸಲಕರಣೆ, ಮಾಹಿತಿ ಒದಗಿಸಬೇಕು ಎಂಬಷ್ಟಕ್ಕೇ ಮಾತು ಮುಗಿಯುತ್ತದೆ. ಸೂಕ್ತ ಎಂದರೆ ಎಷ್ಟು ಗಂಟೆ, ಯಾವ ಭಾಷೆಯಲ್ಲಿ, ಕಲಿತದ್ದನ್ನು ಪರೀಕ್ಷಿಸುವವರು ಯಾರು, ಎಷ್ಟು ಕಾಲಕ್ಕೊಮ್ಮೆ ಮತ್ತೆ ಕಲಿಸಬೇಕು ಎಂಬುದು ಇಲ್ಲ. ವಿಚಿತ್ರವೆಂದರೆ, ಅದೇ ತ್ಯಾಜ್ಯ ತುಂಬಿದ ಟ್ಯಾಂಕರ್ ಓಡಿಸುವ ಚಾಲಕನಿಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಮೂರು ದಿನದ ತರಬೇತಿ ಕಡ್ಡಾಯ. ಅದಕ್ಕೆ ಪಠ್ಯಕ್ರಮವಿದೆ, ಪ್ರಮಾಣಪತ್ರವಿದೆ. ರಸ್ತೆಯಲ್ಲಿ ಅದನ್ನು ಸಾಗಿಸುವವನಿಗೆ ಇಷ್ಟು ಕಲಿಸಬೇಕು ಎಂದು ಬರೆದ ಸರ್ಕಾರ, ಅದರ ಮುಚ್ಚಳ ತೆಗೆಯುವವನ ಪಾಲಿಗೆ ಒಂದು ವಿಶೇಷಣ ಬರೆದು ಸುಮ್ಮನಾಗಿದೆ. ಅಮೆರಿಕದಲ್ಲಿ ಇಂಥ ಘಟಕದ ಕೆಲಸಗಾರನಿಗೆ ಆರಂಭದಲ್ಲಿ 24 ಗಂಟೆ, ಆಮೇಲೆ ವರ್ಷಕ್ಕೆ 8 ಗಂಟೆ ತರಬೇತಿ ಕೊಡಲೇಬೇಕು. ಕಲಿಕೆ ಮುಗಿಯುವವರೆಗೆ ಅವನು ಮೇಲ್ವಿಚಾರಣೆಯಿಲ್ಲದೆ ಕೆಲಸ ಮಾಡುವಂತಿಲ್ಲ. ಡ್ರಮ್ಮುಗಳಿಟ್ಟ ಜಾಗವನ್ನು ಘಟಕದವರೇ ವಾರಕ್ಕೊಮ್ಮೆ ನೋಡಿ ಬರೆದಿಡಬೇಕು, ಆ ಬರಹವನ್ನು ಮೂರು ವರ್ಷ ಕಾಪಾಡಬೇಕು. ಅಲ್ಲಿ ಅನಾಹುತವೇ ಆಗುವುದಿಲ್ಲ ಎಂದಲ್ಲ, ಆಗಿವೆ. ಅಳತೆಯೊಂದನ್ನು ಬರೆದಿಟ್ಟರೆ ಅದನ್ನು ಮುರಿದದ್ದಾದರೂ ಕಣ್ಣಿಗೆ ಬೀಳುತ್ತದೆ. ಸೂಕ್ತ ಎಂಬುದನ್ನು ಮುರಿಯುವುದಕ್ಕೇ ಆಗುವುದಿಲ್ಲ.

ನನ್ನ ವಾದ ಇಷ್ಟು. ತಪಾಸಣೆಯನ್ನೂ ತರಬೇತಿಯನ್ನೂ ನಾವು ಎರಡು ಬೇರೆ ಕಡತಗಳಲ್ಲಿ ಇಟ್ಟಿದ್ದೇವೆ, ಎರಡೂ ಟೊಳ್ಳಾಗಿರುವುದು ಅದರಿಂದಲೇ. ತಪಾಸಣೆಗೆ ಬಂದ ಅಧಿಕಾರಿ ರಿಜಿಸ್ಟರು, ಅನುಮತಿ ಪತ್ರ, ಚಿಮಣಿಯ ಅಳತೆ ನೋಡಿಕೊಂಡು ಹೋಗುತ್ತಾನೆ. ತರಬೇತಿಗೆ ಸಂಬಂಧಿಸಿ ಅವನೆದುರು ಬರುವುದು ಸಹಿ ಹಾಕಿದ ಹಾಜರಿ ಹಾಳೆ. ಅದರಲ್ಲಿ ಸಹಿ ಮಾಡಿದವನನ್ನು ಕರೆದು, ಈ ಡ್ರಮ್ಮಿನಲ್ಲಿ ಏನಿದೆ, ಇದು ಚೆಲ್ಲಿದರೆ ಏನು ಮಾಡುತ್ತೀಯ, ಯಾರಿಗೆ ಹೇಳುತ್ತೀಯ ಎಂದು ಕೇಳುವ ರೂಢಿಯಿಲ್ಲ. ವರ್ಷಕ್ಕೆ ಒಂದೆರಡು ಸಲ ಬರುವ ಅಧಿಕಾರಿ ಎಷ್ಟೇ ಪ್ರಾಮಾಣಿಕನಾದರೂ ನೋಡುವುದು ಆ ದಿನದ ಅಂಗಳವನ್ನು. ಉಳಿದೆಲ್ಲ ದಿನ, ರಾತ್ರಿ ಪಾಳಿಯೂ ಸೇರಿ, ಅಲ್ಲಿ ಕಣ್ಣಾಡಿಸುವವನು ಆ ಕೆಲಸಗಾರನೊಬ್ಬನೇ. ಅವನಿಗೆ ನೋಡಲು ಬರುತ್ತದೆಯೇ, ನೋಡಿದ್ದನ್ನು ಹೇಳಿದರೆ ಕೇಳುವವರಿದ್ದಾರೆಯೇ ಎಂಬುದನ್ನು ಪರೀಕ್ಷಿಸುವುದೇ ತಪಾಸಣೆಯ ಮೊದಲ ಕೆಲಸವಾಗಬೇಕು.

ತಪಾಸಣೆಗಳ ಸಂಖ್ಯೆ ಹೆಚ್ಚಿಸಿದರೆ ಸಾಕು ಎನ್ನುವವರು ಚೀನಾದ ಶಿಯಾಂಗ್‌ಶುಯಿಯ ಕಥೆ ಓದಬೇಕು. ಜಿಯಾಂಗ್ಸು ಪ್ರಾಂತ್ಯದ ಆ ಊರಿನ ರಾಸಾಯನಿಕ ಕಾರ್ಖಾನೆ 2019ರ ಮಾರ್ಚ್ 21ರಂದು ಸಿಡಿದು 78 ಜನ ಸತ್ತರು. ಅಲ್ಲಿ ಸಿಡಿದದ್ದು ತಯಾರಿಕೆಯ ಯಂತ್ರವಾಗಿರಲಿಲ್ಲ. ಹಳೆಯ ಗೋದಾಮಿನಲ್ಲಿ ವರ್ಷಗಟ್ಟಲೆ ಅಕ್ರಮವಾಗಿ ಪೇರಿಸಿಟ್ಟಿದ್ದ ನೈಟ್ರೀಕೃತ ತ್ಯಾಜ್ಯ ಒಳಗೊಳಗೇ ಕಾವೇರಿ ತಾನಾಗಿ ಹೊತ್ತಿಕೊಂಡಿತು ಎಂದು ಅಲ್ಲಿನ ಸರ್ಕಾರದ ತನಿಖೆಯೇ ಹೇಳಿತು. ಆ ಕಾರ್ಖಾನೆಗೆ ತಪಾಸಣೆಯ ಕೊರತೆ ಇರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ರಾಷ್ಟ್ರಮಟ್ಟದ ಸುರಕ್ಷತಾ ಸಂಸ್ಥೆ ಅಲ್ಲಿ 13 ಅಪಾಯಗಳನ್ನು ಪಟ್ಟಿ ಮಾಡಿತ್ತು, ಪರಿಸರ ಇಲಾಖೆ ಮತ್ತೆ ಮತ್ತೆ ದಂಡ ಹಾಕಿತ್ತು. ಬಂದವರೆಲ್ಲ ತಮ್ಮ ತಮ್ಮ ಇಲಾಖೆಯ ಪಟ್ಟಿ ಹಿಡಿದು ಬಂದು ಹೋಗಿದ್ದರು. ತ್ಯಾಜ್ಯದ ರಾಶಿ ಪರಿಸರದವರ ಕಣ್ಣಿಗೆ ಮಾಲಿನ್ಯ, ಅದು ಸಿಡಿಯಬಹುದಾದ ವಸ್ತು ಎಂಬುದು ಯಾರ ಪಟ್ಟಿಯಲ್ಲೂ ಸರಿಯಾಗಿ ಕೂರಲಿಲ್ಲ. ನಮ್ಮಲ್ಲೂ ಈ ಸೀಳು ಇದೆ. ತ್ಯಾಜ್ಯ ಪರಿಸರ ಮಾಲಿನ್ಯ ನಿಯಂತ್ರಣ ಮಂಡಳಿಯ ವಿಷಯ, ಕೆಲಸಗಾರನ ಸುರಕ್ಷತೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ವಿಷಯ, ಬೆಂಕಿ ಅಗ್ನಿಶಾಮಕ ಇಲಾಖೆಗೆ ಸೇರಿದ್ದು. ಉಬ್ಬಿದ ಡ್ರಮ್ಮು ಈ ಮೂವರಿಗೂ ಸೇರಿದ್ದು, ಆದ್ದರಿಂದ ಯಾರಿಗೂ ಸೇರದ್ದು.

ಚೀನಾದಲ್ಲಿ ಲಂಚ, ಸುಳ್ಳು ವರದಿ, ಅವಸರದ ಅಭಿವೃದ್ಧಿ, ಹಾಗಾಗಿ ಹೀಗಾಯಿತು ಎನ್ನಬಹುದು. ಹಾಗಿದ್ದರೆ ಜರ್ಮನಿಗೆ ಬನ್ನಿ. ಲೆವರ್‌ಕೂಸೆನ್‌ನ ದೊಡ್ಡ ರಾಸಾಯನಿಕ ಉದ್ಯಾನದ ತ್ಯಾಜ್ಯ ದಹನ ಘಟಕದಲ್ಲಿ 2021ರ ಜುಲೈ 27ರಂದು ಟ್ಯಾಂಕೊಂದು ಸಿಡಿದು 7 ಜನ ಸತ್ತರು, 31 ಜನ ಗಾಯಗೊಂಡರು. ಅಳತೆ, ದಾಖಲೆ, ಸ್ವಯಂಚಾಲನೆ ಇವುಗಳಲ್ಲಿ ಆ ದೇಶವನ್ನು ಮೀರಿಸುವವರು ಕಡಿಮೆ. ಬೇರೆ ದೇಶದ ಕೀಟನಾಶಕ ಕಾರ್ಖಾನೆಯಿಂದ ಬಂದ ದ್ರವತ್ಯಾಜ್ಯ ಸುಡುವ ಸರದಿಗಾಗಿ ಅಲ್ಲಿ ಕಾದಿತ್ತು. ಇಂತಿಷ್ಟು ಬಿಸಿಗಿಂತ ಮೇಲೆ ಹೋದರೆ ಅದು ತನ್ನಷ್ಟಕ್ಕೆ ಇನ್ನೂ ಕಾಯುತ್ತ ಹೋಗುವ ಗುಣದ್ದು. ಆ ಮಿತಿಗಿಂತ ಹೆಚ್ಚಿನ ಉಷ್ಣತೆಯಲ್ಲೇ ಅದನ್ನು ಇಟ್ಟಿದ್ದರು ಎಂದು ತಜ್ಞರ ವರದಿ ಹೇಳಿತು. ಟ್ಯಾಂಕಿಗೆ ಶಾಖ ಹೊರಹೋಗದಂತೆ ಹೊದಿಕೆ ಇತ್ತು, ಬೇರೆ ತ್ಯಾಜ್ಯಗಳಿಗೆ ಅದು ಬೇಕೂ ಆಗಿತ್ತು, ಈ ಒಂದಕ್ಕೆ ಮಾತ್ರ ಅದೇ ಮುಳುವಾಯಿತು. ಗೊತ್ತಿರಬೇಕಾದ ಸಂಗತಿ ಎಲ್ಲೋ ಒಂದು ಕಡೆ ಇದ್ದು, ವಾಲ್ವ್ ತಿರುಗಿಸುವವನ ತಲೆಯಲ್ಲಿ ಇಲ್ಲದಿದ್ದರೆ ಎಷ್ಟು ಒಳ್ಳೆಯ ಯಂತ್ರವಿದ್ದರೂ ಗತಿ ಇದೇ. ನಮ್ಮಲ್ಲಿ ಚಿಮಣಿಯ ಹೊಗೆಯನ್ನು ಸದಾ ಅಳೆದು ಮಂಡಳಿಯ ಸರ್ವರಿಗೆ ಕಳಿಸುವ ವ್ಯವಸ್ಥೆಯನ್ನು ತೋರಿಸಿ, ಇನ್ನು ತಪಾಸಣೆ ಯಾಕೆ ಎಂದು ಕೇಳುವವರಿದ್ದಾರೆ. ಅದು ಬೇಕಾದದ್ದೇ. ಚಿಮಣಿಯಿಂದ ಏನು ಹೊರಬರುತ್ತಿದೆ ಎಂದು ಸದಾ ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಸೆನ್ಸರ್ ಇರುವುದು ಚಿಮಣಿಯಲ್ಲಿ, ಅಪಾಯ ಕಾಯುತ್ತಿರುವುದು ಗೋದಾಮಿನಲ್ಲಿ.

ಭೋಪಾಲದ ವಿಷಯದಲ್ಲೂ ಬಹಳ ಮಂದಿ ಮರೆತದ್ದೊಂದಿದೆ. ಅಲ್ಲಿ ಸುರಕ್ಷತಾ ತಪಾಸಣೆ ನಡೆದೇ ಇತ್ತು. ಅನಿಲ ದುರಂತಕ್ಕೆ ಎರಡೂವರೆ ವರ್ಷ ಮೊದಲು, 1982ರ ಮೇ ತಿಂಗಳಲ್ಲಿ, ಕಂಪನಿಯ ಅಮೆರಿಕದ ತಂಡವೇ ಬಂದು ಲೋಪಗಳ ಪಟ್ಟಿ ಕೊಟ್ಟಿತ್ತು. ಅನುಭವಿ ಕೆಲಸಗಾರರು ಬಿಟ್ಟು ಹೋಗುತ್ತಿರುವುದರಿಂದ ಆಗುತ್ತಿರುವ ತೊಂದರೆಯೂ ಅದರಲ್ಲಿತ್ತು. ಆಮೇಲೆ ಆದದ್ದು ಏನು? ನಷ್ಟದಲ್ಲಿದ್ದ ಕಾರ್ಖಾನೆ ಜನರನ್ನು ಇನ್ನಷ್ಟು ಕಡಿಮೆ ಮಾಡಿತು, ಅನಿಲ ಘಟಕದ ಪಾಳಿಯಲ್ಲಿ ಇರುತ್ತಿದ್ದವರ ಸಂಖ್ಯೆ ಅರ್ಧಕ್ಕೆ ಇಳಿಯಿತು, ತರಬೇತಿಯ ಅವಧಿ ಕುಗ್ಗಿತು. 1984ರ ಡಿಸೆಂಬರ್ 2ರ ರಾತ್ರಿ ಟ್ಯಾಂಕನ್ನು ತಂಪಾಗಿಡುವ ಯಂತ್ರ ನಿಂತು ತಿಂಗಳುಗಳಾಗಿದ್ದವು, ಸೋರಿದ ಅನಿಲವನ್ನು ಸುಡಬೇಕಾದ ಗೋಪುರ ದುರಸ್ತಿಯಲ್ಲಿತ್ತು. ಕಣ್ಣು ಉರಿಯುತ್ತಿದೆ, ಎಲ್ಲೋ ಸೋರುತ್ತಿದೆ ಎಂದು ಪಾಳಿಯವರಿಗೆ ಹನ್ನೊಂದೂವರೆಯ ಹೊತ್ತಿಗೇ ಗೊತ್ತಾಗಿತ್ತು. ಚಹಾ ಮುಗಿಸಿ ನೋಡೋಣ ಎಂದುಕೊಂಡರು. ಆ ಮಾತನ್ನು ಹಿಡಿದು ಕೆಲಸಗಾರರನ್ನು ದೂಷಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಸಣ್ಣಪುಟ್ಟ ಸೋರಿಕೆ ನಿತ್ಯದ ಮಾತಾಗಿದ್ದ, ಅಳತೆ ಮಾಪಕಗಳನ್ನು ಯಾರೂ ನಂಬದಿದ್ದ ಜಾಗದಲ್ಲಿ ಅವರು ಕಲಿತದ್ದೇ ಅಷ್ಟು. ತಪಾಸಣೆಯ ವರದಿ ಮೇಲಕ್ಕೆ ಹೋಯಿತು, ಕೆಳಕ್ಕೆ ಇಳಿಯಲೇ ಇಲ್ಲ.

ಕರ್ನಾಟಕದಲ್ಲಿ ಈ ಮಾತು ದೂರದ್ದೇನಲ್ಲ. 2022ರ ಏಪ್ರಿಲ್ 17ರಂದು ಮಂಗಳೂರಿನ ಬಜ್ಪೆ ಬಳಿಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕದಲ್ಲಿ ತ್ಯಾಜ್ಯದ ತೊಟ್ಟಿಗಿಳಿದ ಒಬ್ಬ ಕುಸಿದ. ಅವನನ್ನು ಎತ್ತಲು ಹೋದವರು ಒಬ್ಬರ ಹಿಂದೊಬ್ಬರು ಬಿದ್ದರು. ಒಟ್ಟು ಐವರು ಸತ್ತರು, ಐವರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಮೀನಿನ ತ್ಯಾಜ್ಯ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಬರುವುದಿಲ್ಲ. ಸತ್ತವರಿಗೆ ಅದರಿಂದ ಆದ ಲಾಭವೇನೂ ಇಲ್ಲ. ಕೊಳೆಯುವ ಕೆಸರಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್‌ನ ಮೋಸ ಹೀಗಿದೆ: ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ, ಹೆಚ್ಚಾದಾಗ ಮೂಗೇ ಸತ್ತುಹೋಗಿ ನಾತ ನಿಂತಂತೆ ಆಗುತ್ತದೆ. ನಾತ ಹೋಯಿತು, ಇನ್ನು ಇಳಿಯಬಹುದು ಎಂದು ತಿಳಿಯುವವನಿಗೆ ಇದನ್ನು ಮೊದಲೇ ಹೇಳಿರಬೇಕು, ಅವನ ಭಾಷೆಯಲ್ಲಿ ಹೇಳಿರಬೇಕು. ಬಿದ್ದವನನ್ನು ನೋಡಿದ ಕೂಡಲೇ ಹಿಂದೆಮುಂದೆ ನೋಡದೆ ಇಳಿಯುವುದು ಮನುಷ್ಯ ಸಹಜ. ಅದನ್ನು ತಡೆದು ನಿಲ್ಲಿಸುವುದಕ್ಕೆ ಅಭ್ಯಾಸ ಬೇಕು, ಒಂದಲ್ಲ ಹತ್ತು ಸಲ ಮಾಡಿಸಿದ ಅಭ್ಯಾಸ. ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಬಿಹಾರ, ಒಡಿಶಾ, ಬಂಗಾಳ, ಅಸ್ಸಾಂಗಳಿಂದ ಬಂದವರು ದುಡಿಯುತ್ತಿದ್ದಾರೆ, ಎಷ್ಟೋ ಕಡೆ ಗೋಡೆಯ ಮೇಲಿನ ಎಚ್ಚರಿಕೆ ಫಲಕ ಇನ್ನೂ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿರಬೇಕೆಂದು ನಾವು ಕೇಳುವುದು ನ್ಯಾಯವೇ, ಆದರೆ ತೊಟ್ಟಿಯ ಪಕ್ಕದ ಫಲಕದಲ್ಲಿ ಕನ್ನಡದ ಜೊತೆ ಬಂಗಾಳಿ, ಒಡಿಯಾ, ಹಿಂದಿಯೂ ಬೇಕಾದರೆ ಅದಕ್ಕೆ ಯಾರೂ ಮುಖ ಸಿಂಡರಿಸಬಾರದು. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಬ್ಯಾಡ್ಜ್ ಚುಚ್ಚಿಕೊಂಡು ಪ್ರತಿಜ್ಞೆ ಓದಿಸುವುದನ್ನೇ ತರಬೇತಿ ಎಂದು ಲೆಕ್ಕ ಬರೆದುಕೊಳ್ಳುವವರಿಗೆ ಹೆಚ್ಚು ಹೇಳಿ ಪ್ರಯೋಜನವಿಲ್ಲ.

ಇದನ್ನೆಲ್ಲ ಕೇಳಿದ ಉದ್ಯಮಿಗಳ ಮೊದಲ ಮಾತು ಇನ್‌ಸ್ಪೆಕ್ಟರ್ ರಾಜ್ ಮರಳಿ ಬರುತ್ತದೆ ಎಂಬುದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಂದು ಚಹಾ ಕುಡಿದು ಲಕೋಟೆ ಹಿಡಿದು ಹೋಗುವ ತಪಾಸಣೆಯಿಂದ ಯಾವ ಕೆಲಸಗಾರನೂ ಬದುಕಿದ್ದಿಲ್ಲ. ಗುಜರಾತಿನಲ್ಲಿ ಎಸ್ತರ್ ಡುಫ್ಲೋ ಮತ್ತು ಸಂಗಡಿಗ ಅರ್ಥಶಾಸ್ತ್ರಜ್ಞರು ಮಾಲಿನ್ಯ ಮಂಡಳಿಯ ಜೊತೆಗೇ ಸೇರಿ ನಡೆಸಿದ ಎರಡು ಪ್ರಯೋಗಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಒಂದರಲ್ಲಿ ಕೆಲವು ಕಾರ್ಖಾನೆಗಳ ತಪಾಸಣೆಯನ್ನು ಸುಮಾರು ದುಪ್ಪಟ್ಟು ಮಾಡಿದರು. ಸರಾಸರಿ ಮಾಲಿನ್ಯದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಇನ್ನೊಂದರಲ್ಲಿ, ಕಾರ್ಖಾನೆಯೇ ಆರಿಸಿ ಸಂಬಳ ಕೊಡುತ್ತಿದ್ದ ಖಾಸಗಿ ಪರಿಶೋಧಕರ ಬದಲು ಚೀಟಿ ಎತ್ತಿದಂತೆ ಪರಿಶೋಧಕರನ್ನು ಹಂಚಿ, ಅವರ ಸಂಬಳವನ್ನು ಸಾಮಾನ್ಯ ನಿಧಿಯಿಂದ ಕೊಟ್ಟು, ಅವರ ಅಳತೆಯನ್ನು ಇನ್ನೊಬ್ಬರಿಂದ ಮರುಪರೀಕ್ಷೆ ಮಾಡಿಸಿದರು. ವರದಿಗಳು ನಿಜ ಹೇಳತೊಡಗಿದವು, ಆ ಕಾರ್ಖಾನೆಗಳು ಬಿಡುತ್ತಿದ್ದ ಮಾಲಿನ್ಯವೂ ಇಳಿಯಿತು. ಎಷ್ಟು ಸಲ ನೋಡುತ್ತಾರೆ ಎಂಬುದಕ್ಕಿಂತ ಯಾರು, ಯಾರ ಸಂಬಳದಲ್ಲಿ, ಏನನ್ನು ನೋಡುತ್ತಾರೆ ಎಂಬುದು ದೊಡ್ಡದು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಇನ್‌ಸ್ಪೆಕ್ಟರನಿಗೆ ಮಾರ್ಗದರ್ಶಕನ ಪಾತ್ರವನ್ನೂ ಸೇರಿಸಿ, ಯಾರು ಎಲ್ಲಿಗೆ ಹೋಗಬೇಕೆಂಬುದನ್ನು ಕಂಪ್ಯೂಟರ್ ಆರಿಸುವ ವ್ಯವಸ್ಥೆಗೆ ದಾರಿ ಮಾಡಿದ್ದಾರೆ. ಚೀಟಿ ಎತ್ತುವ ಭಾಗ ಒಳ್ಳೆಯದೇ. ಆದರೆ ಅಪಾಯಕಾರಿ ತ್ಯಾಜ್ಯದ ಘಟಕವನ್ನೂ ಬಟ್ಟೆ ಹೊಲಿಯುವ ಘಟಕವನ್ನೂ ಒಂದೇ ಚೀಟಿ ಡಬ್ಬಿಯಲ್ಲಿ ಹಾಕಿದರೆ ಕೆಲಸ ಕೆಡುತ್ತದೆ. ಗುಜರಾತಿನ ಮೊದಲ ಪ್ರಯೋಗ ಹೇಳಿದ್ದೂ ಬಹುಮಟ್ಟಿಗೆ ಅದನ್ನೇ: ಎಲ್ಲಿ ಕೊಳೆ ಹೆಚ್ಚು ಎಂದು ಸ್ಥಳೀಯ ಅಧಿಕಾರಿಗೆ ಗೊತ್ತಿರುತ್ತದೆ, ಅವನ ಆ ತಿಳಿವಳಿಕೆಗೂ ಜಾಗ ಬೇಕು. ದಂಡದ ವಿಷಯವೂ ಇದೆ. ಜನವಿಶ್ವಾಸ ಕಾಯ್ದೆ ಬಂದ ಮೇಲೆ ಪರಿಸರ ಸಂರಕ್ಷಣಾ ಕಾಯ್ದೆಯಡಿ ಜೈಲು ಶಿಕ್ಷೆಯ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ದೊಡ್ಡ ಕಂಪನಿಗೆ ಇದು ಖರ್ಚಿನ ಇನ್ನೊಂದು ಸಾಲು ಅಷ್ಟೇ. ಇಷ್ಟು ಸಡಿಲಿಸಿದ ಮೇಲೂ ಇನ್‌ಸ್ಪೆಕ್ಟರ್ ರಾಜ್ ಎಂದು ಹೆದರಿಸುವುದು ಸ್ವಲ್ಪ ಅತಿಯಾಯಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಾನೂನುಬದ್ಧ ಘಟಕಗಳ ಮೇಲೆ ಖರ್ಚು ಹೇರಿದಷ್ಟೂ ಅವುಗಳ ದರ ಏರುತ್ತದೆ, ಸಣ್ಣ ಕಾರ್ಖಾನೆಯವನು ತ್ಯಾಜ್ಯವನ್ನು ಅಲ್ಲಿಗೆ ಕಳಿಸುವ ಬದಲು ರಾತ್ರೋರಾತ್ರಿ ಟ್ಯಾಂಕರಿನವನಿಗೆ ಒಪ್ಪಿಸುತ್ತಾನೆ ಎಂಬುದು. ಇದು ನಿಜ, ಹೀಗೆ ಆಗಿಯೂ ಇದೆ. 2022ರ ಜನವರಿ 6ರ ನಸುಕಿನಲ್ಲಿ ಸೂರತ್‌ನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರೊಂದು ಚರಂಡಿಗೆ ರಾಸಾಯನಿಕ ತ್ಯಾಜ್ಯ ಸುರಿಯುತ್ತಿದ್ದಾಗ ಎದ್ದ ಅನಿಲಕ್ಕೆ ಪಕ್ಕದ ಬಟ್ಟೆ ಗಿರಣಿಯ ಆರು ಕೆಲಸಗಾರರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಆದ್ದರಿಂದ ತರಬೇತಿಯ ಖರ್ಚನ್ನು ಒಂದೊಂದೇ ಘಟಕದ ತಲೆಗೆ ಕಟ್ಟಬೇಕು ಎಂದು ನಾನು ಹೇಳುತ್ತಿಲ್ಲ. ನೆಲಮಂಗಲ ಬಳಿಯ ದಾಬಸ್‌ಪೇಟೆಯಂಥ ಕಡೆ ಸಾಮೂಹಿಕ ವಿಲೇವಾರಿ ವ್ಯವಸ್ಥೆ ಹುಟ್ಟಿದ್ದೇ ಒಬ್ಬೊಬ್ಬರೇ ಮಾಡಲಾಗದ್ದನ್ನು ಸೇರಿ ಮಾಡೋಣ ಎಂದು. ಅದೇ ಅಂಗಳದಲ್ಲಿ ತರಬೇತಿಯನ್ನೂ ಸೇರಿ ಮಾಡಬಹುದು. ಅಲ್ಲಿಗೆ ತ್ಯಾಜ್ಯ ಕಳಿಸುವ ಸಣ್ಣ ಘಟಕದ ಇಬ್ಬರು ಕೆಲಸಗಾರರು ವರ್ಷಕ್ಕೊಮ್ಮೆ ಒಂದು ದಿನ ಬಂದು, ತಾವು ತಪ್ಪಾಗಿ ತುಂಬಿ ಕಳಿಸಿದ ಡ್ರಮ್ಮು ಇಲ್ಲಿ ಏನು ಮಾಡುತ್ತದೆ ಎಂದು ಕಣ್ಣಾರೆ ನೋಡಿ ಹೋಗಲಿ. ಖರ್ಚು ಮಂಡಳಿ ವಸೂಲು ಮಾಡುವ ಪರಿಸರ ಪರಿಹಾರದ ಹಣದಿಂದ ಬರಲಿ. ಅಷ್ಟಕ್ಕೂ ತರಬೇತಿಯಿಂದ ಏರುವ ದರ ತೀರಾ ಸಣ್ಣದು. ತ್ಯಾಜ್ಯದ ದರದಲ್ಲಿ ದೊಡ್ಡ ಪಾಲು ಸಾಗಣೆಯದು, ಕುಲುಮೆಯ ಇಂಧನದ್ದು.

ಕಲಿಸಿದವನು ಆರು ತಿಂಗಳಿಗೆ ಬಿಟ್ಟು ಹೋಗುತ್ತಾನೆ, ಯಾರಿಗೆಂದು ಕಲಿಸುವುದು ಎನ್ನುತ್ತಾರೆ ಗುತ್ತಿಗೆದಾರರು. ಅವನು ಯಾಕೆ ಹೋಗುತ್ತಾನೆ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರುತ್ತದೆ, ಹೇಳುವುದಿಲ್ಲ. ಇರಲಿ, ಹೋಗುವವನು ಹೋಗಲಿ, ಕಲಿತದ್ದನ್ನು ಜೊತೆಗೆ ಒಯ್ಯಲಿ. ಟ್ಯಾಂಕರ್ ಚಾಲಕನ ಪ್ರಮಾಣಪತ್ರ ಚಾಲಕನ ಜೇಬಿನಲ್ಲಿರುತ್ತದೆ, ಮಾಲೀಕನ ಕಪಾಟಿನಲ್ಲಲ್ಲ. ಮಾಲೀಕ ಬದಲಾದರೂ ಅದು ನಡೆಯುತ್ತದೆ. ತ್ಯಾಜ್ಯ ಘಟಕದ ಕೆಲಸಗಾರನಿಗೂ ಹಾಗೆಯೇ ಅವನದೇ ಹೆಸರಿನ ಚೀಟಿ ಸಿಕ್ಕರೆ ಅವನಿಗೆ ಕೂಲಿ ಕೇಳಲು ಒಂದು ಆಧಾರವೂ ಸಿಗುತ್ತದೆ. ಗುತ್ತಿಗೆದಾರರಿಗೆ ಹಿಡಿಸದಿರುವುದು ಇದೇ ಇರಬಹುದು. ಇಂಥ ಕೆಲಸದಲ್ಲಿ ಅಪಾಯ ಕಂಡರೆ ಮೇಲಿನವರ ಗಮನಕ್ಕೆ ತರುವ ಹಕ್ಕನ್ನು ಭೋಪಾಲದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಸೇರಿಸಿದರು. ನಾಳೆ ಬರಬೇಡ ಎಂದರೆ ಹೊರಗೆ ನಿಲ್ಲಬೇಕಾದ ದಿನಗೂಲಿಯವನು ಆ ಹಕ್ಕನ್ನು ಬಳಸಬೇಕಾದರೆ, ಅವನ ಮಾತಿಗೆ ಬೆಲೆಯಿದೆ ಎಂದು ಹೇಳುವ ಕಾಗದವೊಂದಾದರೂ ಅವನ ಕೈಯಲ್ಲಿರಬೇಕು.

ಕೇಂದ್ರ ನಿಯಮ ತಿದ್ದುವವರೆಗೆ ಕಾಯಬೇಕಾಗಿಲ್ಲ. ಘಟಕಗಳಿಗೆ ಅನುಮತಿ ಕೊಡುವುದು, ನವೀಕರಿಸುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅನುಮತಿಗೆ ಷರತ್ತು ಹಾಕುವ ಅಧಿಕಾರ ಅದಕ್ಕೆ ಈಗಲೇ ಇದೆ. ತರಬೇತಿಯ ಗಂಟೆಗಳು, ವಿಷಯ, ಭಾಷೆ ಇವನ್ನು ಷರತ್ತಿನಲ್ಲಿ ಬರೆಯಲಿ. ತಪಾಸಣೆಗೆ ಹೋದ ಅಧಿಕಾರಿ ಆ ದಿನದ ಹಾಜರಿ ಪುಸ್ತಕದಿಂದ ತನಗೆ ಬೇಕಾದ ನಾಲ್ಕು ಹೆಸರು ಆರಿಸಿ, ಅದರಲ್ಲಿ ಗುತ್ತಿಗೆಯವರು ಕಡ್ಡಾಯವಾಗಿ ಇರುವಂತೆ ನೋಡಿಕೊಂಡು, ಸೂಪರ್‌ವೈಸರನನ್ನು ದೂರ ನಿಲ್ಲಿಸಿ ಮಾತಾಡಿಸಲಿ. ಅವರು ಹೇಳಿದ್ದನ್ನು ಹೆಸರಿಲ್ಲದೆ ವರದಿಯಲ್ಲಿ ಬರೆದು ಮಂಡಳಿಯ ಜಾಲತಾಣದಲ್ಲಿ ಹಾಕಲಿ. ವರ್ಷಕ್ಕೊಮ್ಮೆಯಾದರೂ ಕಾರ್ಖಾನೆಗಳ ಇಲಾಖೆ, ಅಗ್ನಿಶಾಮಕ ಇಲಾಖೆಯವರು ಜೊತೆಗೇ ಹೋಗಲಿ. ಅಮೆರಿಕದ ಉತ್ತರ ಕ್ಯಾರೊಲಿನಾದ ಏಪೆಕ್ಸ್ ಎಂಬ ಊರಿನಲ್ಲಿ 2006ರ ಅಕ್ಟೋಬರ್ 5ರ ರಾತ್ರಿ ತ್ಯಾಜ್ಯ ಘಟಕಕ್ಕೆ ಬೆಂಕಿ ಬಿದ್ದಾಗ ಒಳಗೆ ಕೆಲಸಗಾರರು ಯಾರೂ ಇರಲಿಲ್ಲ, ಬೆಂಕಿ ಆರಿಸಲು ಬಂದವರಿಗೆ ಒಳಗೆ ಏನಿದೆ ಎಂಬ ಸರಿಯಾದ ಮಾಹಿತಿ ಇರಲಿಲ್ಲ. ಸುಮಾರು 17,000 ಜನರನ್ನು ಮನೆ ಬಿಡಿಸಬೇಕಾಯಿತು. ನೆಲಮಂಗಲದ ಅಗ್ನಿಶಾಮಕ ಠಾಣೆಯವರು ದಾಬಸ್‌ಪೇಟೆಯ ಡ್ರಮ್ಮುಗಳನ್ನು ಹಗಲು ಹೊತ್ತಿನಲ್ಲಿ, ಬೆಂಕಿಯಿಲ್ಲದಾಗ ಒಮ್ಮೆ ನೋಡಿಬಂದಿರಬೇಕು.

ಇಷ್ಟಕ್ಕೆಲ್ಲ ಜನ ಎಲ್ಲಿದ್ದಾರೆ ಎಂದು ಮಂಡಳಿ ಕೇಳಬಹುದು. ದೇಶದ ಮಾಲಿನ್ಯ ಮಂಡಳಿಗಳಲ್ಲಿ ಮಂಜೂರಾದ ಹುದ್ದೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಖಾಲಿ ಇವೆ. ಒಬ್ಬನೇ ಅಧಿಕಾರಿ ಕಲ್ಲು ಕ್ರಷರ್, ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣ, ಆಸ್ಪತ್ರೆಯ ತ್ಯಾಜ್ಯ, ಗಣೇಶನ ವಿಸರ್ಜನೆ ಎಲ್ಲದರ ಹಿಂದೆ ಓಡುತ್ತಾನೆ. ನಡುವೆ ಇನ್ಸಿನರೇಟರಿಗೂ ಹೋಗಿ ಬರುತ್ತಾನೆ. ಖಾಲಿ ಹುದ್ದೆ ತುಂಬಬೇಕು ಎಂಬುದು ಸರಿ, ಅದು ಈ ವರ್ಷ ಆಗುವ ಮಾತಲ್ಲ. ಆದರೆ ಅಪಾಯಕಾರಿ ತ್ಯಾಜ್ಯವನ್ನು ಹೂಳುವ, ಸುಡುವ ಸಾಮೂಹಿಕ ಘಟಕಗಳು ರಾಜ್ಯದಲ್ಲಿ ಸಾವಿರಗಟ್ಟಲೆ ಇಲ್ಲ. ಈಗಿರುವ ಅಧಿಕಾರಿಗಳಲ್ಲೇ ಎಂಟು ಹತ್ತು ಮಂದಿಯನ್ನು ಆರಿಸಿ, ಬೇರೆ ಕೆಲಸದಿಂದ ಬಿಡಿಸಿ, ಡ್ರಮ್ಮಿನ ಮುಚ್ಚಳ ತೆಗೆಯುವವನು ಕಲಿಯಬೇಕಾದದ್ದನ್ನು ಮೊದಲು ಅವರಿಗೇ ಕಲಿಸಿ ಈ ಘಟಕಗಳ ಹೊಣೆ ಒಪ್ಪಿಸಲು ಸಚಿವ ಸಂಪುಟದ ತೀರ್ಮಾನವೂ ಬೇಕಿಲ್ಲ. ಮಂಡಳಿಯ ಅಧ್ಯಕ್ಷರ ಒಂದು ಆದೇಶ ಸಾಕು.